ಗೈಡ್ ಎಂದು ಹೆಸರಿಟ್ಟ ದನಿ

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಹುಡುಗ ಹುಡುಗಿಯರು ಚಹಾ ಮುಗಿಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: “ಕಾಕಾ, ರೆಕಾರ್ಡಿಂಗಿಗೆ ಯಾವ ಸಾಫ್ಟ್‌ವೇರ್ ಛಲೋರಿ?” ಯಾವ ಒಲೆಯ ಮೇಲೆ ಅಡುಗೆ ರುಚಿಯಾಗುತ್ತದೆ ಎಂದು ಕೇಳಿದ ಹಾಗಾಯಿತು. ನಿಮ್ಮ ಕಂಪ್ಯೂಟರಿನಲ್ಲಿ ಯಾವುದು ತಕರಾರು ಮಾಡದೆ ನಡೆಯುತ್ತದೋ ಅದೇ ಛಲೋ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ಈ ಮುದುಕ ಗುಟ್ಟು ಬಿಡುತ್ತಿಲ್ಲ ಎಂಬ ಅನುಮಾನ ಮುಖದ ಮೇಲೆ ಕಾಣುತ್ತದೆ. ಗುಟ್ಟು ಮಣ್ಣಂಗಟ್ಟಿ ಏನೂ ಇಲ್ಲ. ಟೇಪಿನ ಕಾಲದಲ್ಲಿ ಸ್ಟುಡಿಯೋ ಒಳಗೆ ಹೋಗಿ ಕಂಪ್ಯೂಟರಿನ ಕಾಲದಲ್ಲಿ ಹೊರಗೆ ಬಂದವನು ನಾನು. ನಡುವೆ ಕಂಡದ್ದನ್ನು ಇಲ್ಲಿ ಬರೆಯುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ. ಒಂದು ಕಡೆ ಬಂದಾಗ ನನ್ನ ಕೈ ನಿಧಾನವಾದೀತು. ಇಬ್ಬರು ಹೆಣ್ಣುಮಕ್ಕಳ ದನಿಯ ಸಂಗತಿ ಅದು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ನಮ್ಮ ಸ್ಟುಡಿಯೋ ಇದ್ದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಒಂದು ಮೋಟಾರ್ ವೈಂಡಿಂಗ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಕೆಳಗೆ ಸುತ್ತಿಗೆ ಬಡಿಯುವುದು ನಿಂತಾಗ ಮೇಲೆ ಹಾಡು ಶುರುವಾಗಬೇಕು. ವೈಂಡಿಂಗಿನವರು ಊಟಕ್ಕೆ ಹೋಗುವ ಹೊತ್ತೇ ನಮಗೆ ಶುಭಮುಹೂರ್ತ. ಅಣ್ಣಪ್ಪ ಎಂಬುವವರು ಸ್ಟುಡಿಯೋದ ಮಾಲಕರು. ನಮ್ಮಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮಾಲಕರ ಆಂಪ್ಲಿಫೈಯರ್ ಕೆಟ್ಟಾಗ ಅಪ್ಪನ ಬದಲು ನಾನು ಹೋದೆ. ರಿಪೇರಿ ಮುಗಿಸಿ ಎದ್ದು ನಿಂತಾಗ ಒಳಗಿನ ಕೋಣೆಯಲ್ಲಿ ಯಾರೋ ಭಜನಿ ಪದ ಎತ್ತಿದರು. ಗಾಜಿನ ಈ ಕಡೆ ನಿಂತು ಕೇಳಿದವನು ಮನೆಗೆ ಹೋಗುವುದನ್ನೇ ಮರೆತೆ. “ದಸ್ತಗೀರ, ನಾಳಿಂದ ಇಲ್ಲೇ ಬಂದ್ಬಿಡು. ಹೆಂಗೂ ಹೊಳ್ಳಿ ಹೋಗಾಕ ಮನಸಿಲ್ಲ ನಿನಗ,” ಎಂದರು ಮಾಲಕರು. ನನ್ನ ನೇಮಕಾತಿ ಆದದ್ದು ಹೀಗೆ.

ಆ ಕೋಣೆಯಲ್ಲಿ ಒಂದು ದೋಷವಿತ್ತು. ಹಾಡಿದ್ದು ಗೋಡೆಗೆ ಬಡಿದು ವಾಪಸು ಬಂದು ಮೈಕಿನಲ್ಲಿ ಬೀಳುತ್ತಿತ್ತು. ದೊಡ್ಡ ಊರಿನ ಸ್ಟುಡಿಯೋಗಳಲ್ಲಿ ಗೋಡೆಗೆ ಹಚ್ಚುವ ಫೋಮು ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಮಾಲಕರು ಯೋಚನೆ ಮಾಡಿ ಹೇಳಿದರು: “ನಮ್ಮ ಮಾಂವ ಕೌದಿ ಹೊಚಗೊಂಡ ಮಕ್ಕೊಂಡ್ರ ಅಂವನ ಗೊರಕಿ ಬಾಜೂಕ ಇದ್ದಾವಗೂ ಕೇಳತಿರಲಿಲ್ಲೋ. ಗ್ವಾಡಿಗೆ ಕೌದಿ ಹಾಕೂಣು.” ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಇಟ್ಟು ಕೈಯಿಂದ ಹೊಲಿದ ಕೌದಿ ಸದ್ದನ್ನು ಎಷ್ಟು ಚೆನ್ನಾಗಿ ನುಂಗುತ್ತದೆ ಎಂಬುದು ಹೊಲಿಸಿ ಹಾಕಿದ ಮೇಲೆ ಗೊತ್ತಾಯಿತು. ಫೋಮು ಹಚ್ಚಿದ ಸ್ಟುಡಿಯೋಗಳವರು ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು.

ಕೌದಿ ಹೊಲಿದವರು ತಾರಿಹಾಳದ ನೀಲವ್ವ ಮತ್ತು ಶಾಂತವ್ವ. ಒಂದೇ ಮನೆಗೆ ಸೊಸೆಯಾಗಿ ಬಂದ ನೆಗೆಣ್ಣಿಯರು. ಅಣ್ಣನ ಹೆಂಡತಿ ನೀಲವ್ವ, ತಮ್ಮನ ಹೆಂಡತಿ ಶಾಂತವ್ವ. ಗಂಡಂದಿರು ಇಬ್ಬರೂ ಬೇಗ ತೀರಿಹೋಗಿದ್ದರು. ನೆಗೆಣ್ಣಿಯರೆಂದರೆ ಉಪ್ಪಿಗೊಂದು ಮೆಣಸಿಗೊಂದು ಜಗಳ ತೆಗೆಯುವವರು ಎಂದು ನಮ್ಮ ಕಡೆ ನಂಬಿಕೆ. ಇವರು ಅದನ್ನು ಸುಳ್ಳು ಮಾಡಿದ್ದರು. ಮೊಳ ಹಾಕಿ ಗೋಡೆ ಅಳೆಯಲು ಬಂದ ದಿನ ನೀಲವ್ವ ಗಲ್ಲಕ್ಕೆ ಕೈಯಿಟ್ಟು ನನ್ನನ್ನು ಕೇಳಿದರು: “ಗ್ವಾಡಿಗೆ ಯಾಕೋ ತಮ್ಮಾ ಕೌದಿ? ಅದಕ್ಕೂ ಥಂಡಿ ಹತ್ತತೈತೇನು?”

ಹೊಲಿಗೆ ಎಲ್ಲಿಯವರೆಗೆ ಬಂತೆಂದು ನೋಡಲು ಅವರ ಮನೆಗೆ ಹೋದಾಗ ನಾನು ಅವರ ಹಾಡನ್ನು ಮೊದಲ ಸಲ ಕೇಳಿದ್ದು. ಪಡಸಾಲೆಯಲ್ಲಿ ಕೌದಿ ಹರವಿ, ಆ ತುದಿಗೆ ಒಬ್ಬರು ಈ ತುದಿಗೆ ಒಬ್ಬರು ಕೂತಿದ್ದರು. ನೀಲವ್ವ ಒಂದು ಸೊಲ್ಲು ಹಾಡಿ ಸೂಜಿಯನ್ನು ಮೇಲಕ್ಕೆತ್ತಿ ದಾರ ಎಳೆಯುತ್ತಿದ್ದರು. ಆ ಸೂಜಿ ಮೇಲೆದ್ದ ಕೂಡಲೇ, ನೀಲವ್ವನ ದನಿ ಇನ್ನೂ ಪೂರ್ತಿ ಇಳಿಯುವ ಮೊದಲೇ, ಶಾಂತವ್ವ ಅದನ್ನು ಎತ್ತಿಕೊಳ್ಳುತ್ತಿದ್ದರು. ನಡುವೆ ಸೂಜಿ ಮೊನೆಯಷ್ಟು ಸಂದೂ ಇಲ್ಲ. ಮದುವೆಯಲ್ಲಿ ಅರಿಷಿಣ ಹಚ್ಚುವಾಗಲೂ, ಗಂಡ ಇಲ್ಲದವರೆಂದು ದೂರ ಇಡದೆ, ಓಣಿಯವರೆಲ್ಲ ಹಾಡಲು ಇವರನ್ನೇ ಕರೆಯುತ್ತಿದ್ದರು. ಉಸಿರು ಬಿಡಲು ಒಂದು ಗಳಿಗೆ ನಿಲ್ಲಬಾರದೇ ಎಂದು ಕೇಳಿದ್ದಕ್ಕೆ ಶಾಂತವ್ವ ನಕ್ಕು ಹೇಳಿದರು: “ಸೊಲ್ಲ ನೆಲಕ್ಕ ಬೀಳಬಾರ್ದರಿ. ಬಿದ್ರ ಮದವಿ ಮನಿಗೆ ಛಲೋ ಅಲ್ಲ. ಅಕ್ಕ ಕೊಡ್ತಾಳ, ನಾ ಹಿಡೀತೇನಿ.” ಆ ಮಾತನ್ನು ಅಂದು ಸುಮ್ಮನೆ ಕೇಳಿಸಿಕೊಂಡು ಬಂದೆ.

ಇನ್ನು ವಿಧಾನದ ಮಾತು. ಟೇಪಿನ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಕೂತು ಹಾಡುವುದು, ಬಾರಿಸುವುದು. ಕೊನೆಯ ಸಾಲಿನಲ್ಲಿ ತಬಲಾದವನಿಗೆ ಸೀನು ಬಂದರೆ ಮತ್ತೆ ಮೊದಲಿನಿಂದ. ಸೀನಿದವನನ್ನು ಉಳಿದವರು ನೋಡುವ ನೋಟ ಇರುತ್ತಿತ್ತಲ್ಲ, ಅದಕ್ಕೆ ಹೆದರಿಯೇ ಎಷ್ಟೋ ಜನ ಸೀನು ನುಂಗಿದ್ದಾರೆ. ಕಂಪ್ಯೂಟರ್ ಬಂದ ಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ, ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯುವ ಪದ್ಧತಿ ಬಂತು. ತೆರೆಯ ಮೇಲೆ ಒಂದರ ಕೆಳಗೊಂದು ಪಟ್ಟಿಗಳು. ಒಂದರಲ್ಲಿ ದನಿ, ಒಂದರಲ್ಲಿ ಹಾರ್ಮೋನಿಯಂ, ಒಂದರಲ್ಲಿ ತಬಲಾ. ಬೇಡವಾದದ್ದನ್ನು ಕತ್ತರಿಸಬಹುದು, ಬೇಕಾದ್ದನ್ನು ಜೋಡಿಸಬಹುದು, ಒಂದು ಗುಂಡಿ ಒತ್ತಿ ಯಾವ ಪಟ್ಟಿಯ ಬಾಯಿಯನ್ನಾದರೂ ಮುಚ್ಚಬಹುದು. ಆ ಗುಂಡಿಗೆ ಮ್ಯೂಟ್ ಎನ್ನುತ್ತಾರೆ. ಇದನ್ನೆಲ್ಲ ನೋಡಿ ಮಾಲಕರು, “ಹಿಂಗಾದ್ರ ಹಾಡವ್ರು ಒಬ್ಬರ ಮಾರಿ ಒಬ್ಬರು ನೋಡೂದ ಬ್ಯಾಡ ಅನ್ನು,” ಎಂದಿದ್ದರು. ಹೊಸ ಯಂತ್ರ ಕಂಡ ಹುರುಪಿನಲ್ಲಿದ್ದ ನನಗೆ ಅದು ಹಳೆಗಾಲದವರ ಗೊಣಗಾಟ ಅನ್ನಿಸಿತು.

ಆ ಹುರುಪು ಇಳಿಯಲು ಬಹಳ ದಿನ ಬೇಕಾಗಲಿಲ್ಲ. ಕುಂದಗೋಳ ಕಡೆಯ ಒಂದು ಭಜನಿ ಮೇಳ ಬಂದಿತ್ತು. ಎಲ್ಲ ಟ್ರ್ಯಾಕುಗಳೂ ಒಂದೇ ವೇಗದಲ್ಲಿರಲಿ ಎಂದು ಹಾಡುವವರ ಹೆಡ್‌ಫೋನಿನಲ್ಲಿ ಟಕ್ ಟಕ್ ಎಂಬ ಲೆಕ್ಕದ ಸದ್ದು ಬಿಡುತ್ತೇವೆ, ಅದಕ್ಕೆ ಕ್ಲಿಕ್ ಎಂದು ಹೆಸರು. ಮೇಳದ ಹಿರಿಯರು ಎರಡು ಸಾಲು ಹಾಡಿದವರೇ ಹೆಡ್‌ಫೋನ್ ಕಿತ್ತು ಕೆಳಗಿಟ್ಟರು. “ಸಾಹೇಬ್ರ, ಕಿವ್ಯಾಗ ಯಾವನೋ ಬಡಗ್ಯಾರಾಂವ ಮೊಳಿ ಬಡಿಯಾಕತ್ತಾನ. ಮದಲ ಅವನ್ನ ಹೊರಗ ಕಳಸ್ರಿ, ಆಮ್ಯಾಲ ನಾವು ಹಾಡತೇವಿ.” ಅವರ ಪದ ಭಾವ ಏರಿದಾಗ ಓಡುತ್ತಿತ್ತು, ಗುರುವಿನ ಹೆಸರು ಬಂದಾಗ ನಿಧಾನವಾಗುತ್ತಿತ್ತು. ಬಡಗಿಯನ್ನು ಹೊರಗೆ ಕಳಿಸಿದೆ. ಅವರೆಲ್ಲರನ್ನೂ ಹಳೆಯ ಪದ್ಧತಿಯಂತೆ ಒಟ್ಟಿಗೆ ಕೂರಿಸಿದ ಮೇಲೆ ಪದ ಸರಿಯಾಗಿ ಬಂತು.

ಇನ್ನೊಂದು ಫಜೀತಿ ಹೇಳಿದರೆ ನೀವು ನಗುತ್ತೀರಿ. ಒಬ್ಬ ತತ್ವಪದದ ಅಜ್ಜ ಏಕತಾರಿ ಹಿಡಿದು ಹಾಡಿದ್ದರು. ಹಿಂದೆ ಫ್ಯಾನಿನ ಗುಂಯ್ ಸದ್ದು ಸೇರಿತ್ತು. ಇಂಥ ಸದ್ದು ತೆಗೆಯುವ ಉಪಾಯ ಸಾಫ್ಟ್‌ವೇರಿನಲ್ಲಿದೆ. ಹಾಡು ಶುರುವಾಗುವ ಮೊದಲಿನ ಖಾಲಿ ಜಾಗ ತೋರಿಸಿ, ಇಲ್ಲಿ ಕೇಳುವುದೇ ಕಸ ಎಂದು ಅದಕ್ಕೆ ಹೇಳಿಕೊಟ್ಟರೆ, ಹಾಡಿನ ತುಂಬ ಆ ಕಸವನ್ನು ಹುಡುಕಿ ಗುಡಿಸುತ್ತದೆ. ಅಜ್ಜ ಬಾಯಿ ತೆರೆಯುವ ಮೊದಲೇ ಏಕತಾರಿ ಮೀಟುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಸಾಫ್ಟ್‌ವೇರ್ ನಿಷ್ಠೆಯಿಂದ ಏಕತಾರಿಯನ್ನೇ ಗುಡಿಸಿಹಾಕಿತು. ಅಜ್ಜ ಪೂರ್ತಿ ಕೇಳಿ, “ಹಾಡು ಛಲೋ ಬಂದೈತ್ರಿ. ಆದ್ರ ನಾ ಯಾಕ ಕೈ ಬೀಸಿಕೊಂಡ ಹೊಂಟಂಗ ಕೇಳಾಕತ್ತೇತಿ?” ಎಂದರು. ಅಳಿಸದೆ ಇಟ್ಟಿದ್ದ ಮೂಲ ರೆಕಾರ್ಡಿಂಗ್ ತೆಗೆದು ಫ್ಯಾನಿನ ಸಮೇತ ಕೇಳಿಸಿದೆ. ಅಜ್ಜನಿಗೆ ಖುಷಿಯಾಯಿತು, ಫ್ಯಾನಿನ ಬಗ್ಗೆ ಚಕಾರ ಎತ್ತಲಿಲ್ಲ.

ಮೂಲವನ್ನು ಅಳಿಸದೆ ಇಡುವುದು ಮಾಲಕರು ಕಲಿಸಿದ ಪಾಠ. “ಹಾಡು ಅದರ ಮನಿ ಮುಟ್ಟೂತನಕ ಏನೂ ಒಗೀಬ್ಯಾಡ,” ಎನ್ನುತ್ತಿದ್ದರು. ಕ್ಯಾಸೆಟ್ ಅಂಗಡಿ ಮುಟ್ಟುವುದಲ್ಲ, ಯಾರಿಗಾಗಿ ಹಾಡಿದ್ದಾರೋ ಅವರ ಕಿವಿ ಮುಟ್ಟಬೇಕು. ಮಾಲಕರು ತೀರಿಕೊಂಡ ಮೇಲೆ ಸ್ಟುಡಿಯೋ ನನ್ನ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಮೊಬೈಲಿನಲ್ಲೇ ಹಾಡು ಹಿಡಿಯುವ ಕಾಲ ಬಂದಿತ್ತು, ಕೆಲಸ ಕಡಿಮೆಯಾಗಿತ್ತು. ಗೋಡೆಯ ಕೌದಿಗಳ ಬಣ್ಣ ಮಾಸಿತ್ತು.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ನೀಲವ್ವ ಮತ್ತು ಶಾಂತವ್ವ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ನೀಲವ್ವನ ಮಗಳು ಶಾರದಾ. ನೀಲವ್ವನ ದನಿ ಕೇಳಿ ನನಗೆ ಗಾಬರಿಯಾಯಿತು. ಹರಿದ ಬಟ್ಟೆ ಎಳೆದ ಹಾಗೆ ಬರುತ್ತಿತ್ತು. ಗಂಟಲಲ್ಲಿ ಗಡ್ಡೆ. ಸತ್ತೂರಿನ ದವಾಖಾನೆಯಲ್ಲಿ ತೋರಿಸಿದ್ದರು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಮುಂದಿನ ವಾರ ಆಪರೇಷನ್.

“ತಮ್ಮಾ, ಶಾರದಾನ ಮಗಳು ರೇಣುಕಾನ ಲಗ್ನ ಗೊತ್ತಾಗೇತಿ,” ಎಂದರು ನೀಲವ್ವ. “ಅಷ್ಟೊತ್ತಿಗೆ ನನ್ನ ದನಿ ಇರಂಗಿಲ್ಲ. ನಾ ಹಾಡಿದ್ದ ಹಿಡದ ಇಟಗೋ. ಅರಿಷಿಣ ಹಚ್ಚೂವಾಗ ನನ್ನ ದನಿ ಮಿಷನಿನ್ಯಾಗ ಬರಲಿ.”

“ಇಬ್ಬರೂ ಕೂಡಿ ಹಾಡ್ರಿ ಅಕ್ಕ, ಹಿಡೀತೇನಿ.”

“ಏ ಇಲ್ಲ. ನನ್ನದಷ್ಟ ಹಿಡಿ. ಎತ್ತಿಕೊಳ್ಳಾಕ ಶಾಂತಿ ಅಲ್ಲೇ ಇರ್ತಾಳಲ್ಲ. ಕೊಡೂದು ಮಿಷನ್ ಕೊಡಲಿ. ಹಿಡಿಯೂದು ಮಂದಿನ ಹಿಡೀಬೇಕು. ಇಲ್ಲಂದ್ರ ಅದು ಲಗ್ನದ ಹಾಡ ಆಗಂಗಿಲ್ಲ, ರೇಡಿಯೋ ಆಕ್ಕೈತಿ.”

ಅವರು ಕೇಳಿದ್ದು ಸರಳವಾಗಿತ್ತು, ಮಾಡುವುದು ಸರಳವಾಗಿರಲಿಲ್ಲ. ಕೌದಿ ಕೋಣೆಯಲ್ಲಿ ನೀಲವ್ವನನ್ನು ಒಬ್ಬರನ್ನೇ ಕೂರಿಸಿದೆ. ಮೊದಲ ಸೊಲ್ಲು ಹಾಡಿದರು, ನಿಂತರು. ಮುಂದಕ್ಕೆ ಹೋಗಲೇ ಇಲ್ಲ. ಶಾಂತವ್ವನಿಗೆ ಜಾಗ ಬಿಟ್ಟು ಎರಡನೆಯ ಸೊಲ್ಲು ಹಾಡಿ ಎಂದೆ. ಮತ್ತೆ ಹಾಡಿದರು, ಮತ್ತೆ ಅಲ್ಲೇ ನಿಂತರು. “ಯಾರೂ ಹಿಡಿಯವರ ಇಲ್ಲಂದ್ರ ಹೆಂಗ ಬಿಡಲೋ ತಮ್ಮಾ? ಕೂಸಿನ್ನ ಯಾರ ಕೈಗಿ ಕೊಡಬೇಕಂತ ತಿಳೀವಲ್ದು,” ಎಂದು ಕಣ್ಣಲ್ಲಿ ನೀರು ತಂದರು. ಶಾಂತವ್ವನನ್ನು ಅದೇ ಕೋಣೆಗೆ ಕಳಿಸಿದರೆ ಆಕೆಯ ದನಿಯೂ ಅದೇ ಮೈಕಿಗೆ ಬೀಳುತ್ತದೆ. ಆಮೇಲೆ ಇಬ್ಬರನ್ನು ಬೇರ್ಪಡಿಸುವುದು ಹಾಲು ನೀರು ಬೇರೆ ಮಾಡಿದ ಹಾಗೆ.

ಕೊನೆಗೆ ಶಾಂತವ್ವನನ್ನು ಗಾಜಿನ ಈ ಕಡೆ, ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಆಕೆಯ ಮುಂದೆ ಒಂದು ಸಾಧಾರಣ ಮೈಕು ಇಟ್ಟೆ. ಇಬ್ಬರ ಕಿವಿಗೂ ಹೆಡ್‌ಫೋನು. ಈಗ ನೀಲವ್ವನಿಗೆ ಶಾಂತವ್ವನ ದನಿ ಕೇಳುತ್ತದೆ, ಆದರೆ ನೀಲವ್ವನ ಮೈಕಿಗೆ ಅದು ಬೀಳುವುದಿಲ್ಲ. ಹಾಡುವವರಿಗೆ ದಾರಿ ತೋರಿಸಲೆಂದು ಹೀಗೆ ಹಿಡಿಯುವ ದನಿಗೆ ನಮ್ಮ ಕಸುಬಿನಲ್ಲಿ ಗೈಡ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕುವುದು ರೂಢಿ. ಶಾಂತವ್ವನ ಪಟ್ಟಿಗೆ ನಾನೂ ರೂಢಿಯಂತೆ ‘ಗೈಡ್’ ಎಂದು ಹೆಸರು ಕೊಟ್ಟೆ. ಆಕೆಯ ಹೆಸರು ಬರೆಯಬೇಕೆಂದು ಹೊಳೆಯಲಿಲ್ಲ, ಯಾರಿಗೂ ಹೊಳೆಯುವುದಿಲ್ಲ.

ಇನ್ನೂ ಒಂದು ಕೊರತೆಯಿತ್ತು. ಖಾಲಿ ಕೈಯಲ್ಲಿ ಹಾಡಿ ನೀಲವ್ವನಿಗೆ ಗೊತ್ತಿರಲಿಲ್ಲ. ಗೋಡೆಯ ಒಂದು ಕೌದಿಯ ಅಂಚು ಬಿಚ್ಚಿದ್ದು ಅವರ ಕಣ್ಣಿಗೆ ಬಿತ್ತು. ಅದನ್ನು ಇಳಿಸಿ ಕೊಡು ಎಂದರು. ಸೆರಗಿನ ಮರೆಯ ಸಂಚಿಯಿಂದ ಸೂಜಿ ದಾರ ತೆಗೆದು ತೊಡೆಯ ಮೇಲೆ ಹರವಿಕೊಂಡರು. ಸೂಜಿ ಮೇಲಕ್ಕೆದ್ದಿತು, ಗಾಜಿನ ಈ ಕಡೆಯಿಂದ ಶಾಂತವ್ವ ಎತ್ತಿಕೊಂಡರು. ಹಾಡು ಆಗ ನಡೆಯತೊಡಗಿತು.

ದಿನಕ್ಕೆ ಸ್ವಲ್ಪವೇ ಆಗುತ್ತಿತ್ತು. ಎರಡು ಸೊಲ್ಲಿಗೆ ಕೆಮ್ಮು, ಮೂರಕ್ಕೆ ರಕ್ತದ ರುಚಿ. ಶಾರದಾ ಬಿಸಿನೀರು ಹಿಡಿದು ನಿಂತಿರುತ್ತಿದ್ದಳು. ನಾನು ಒಳ್ಳೆಯ ತುಂಡುಗಳನ್ನು ಕತ್ತರಿಸಿ, ಒಂದರ ತುದಿಯನ್ನು ಇನ್ನೊಂದರ ಮೇಲೆ ಹಾಯಿಸಿ ಜೋಡಿಸುತ್ತಿದ್ದೆ. ನೀಲವ್ವ ಬಂದು ತೆರೆ ನೋಡಿ, “ನೀನೂ ಚಿಂದಿ ಕೂಡಿಸಿ ಹೊಲ್ಯಾಕತ್ತೀ ಬಿಡು,” ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: “ನನ್ನ ದನಿ ಮದಲಿನಂಗ ಮಾಡಾಕ ಬರತೈತೇನೋ ಇದರಾಗ?”

“ಥೋಡೆ ನುಣ್ಣಗ ಮಾಡಾಕ ಬರತೈತಿ ಅಕ್ಕ. ಆದ್ರ ಅದು ನಿಮ್ಮ ದನಿ ಅನಸಂಗಿಲ್ಲ.”

“ಬ್ಯಾಡ ಬಿಡು. ಮೊಮ್ಮಗಳಿಗೆ ಗುರುತ ಹತ್ತಬೇಕಲ್ಲ.”

ಅದಕ್ಕೇ ಆ ದನಿಯ ಮೇಲೆ ನಾನು ಯಾವ ಕಸರತ್ತೂ ಮಾಡಲಿಲ್ಲ.

ಹಾಡಿನಲ್ಲಿ ಉಳಿದ ಎಲ್ಲ ನುಡಿಗಳಿಗೂ ಮುಂದಿನವರು ಹೇಳಿದ್ದನ್ನೇ ಹಿಂದಿನವರು ತಿರುಗಿ ಹೇಳುವುದು. ಓಣಿಯ ಯಾವ ಹೆಣ್ಣುಮಗಳಾದರೂ ಎತ್ತಿಕೊಳ್ಳಬಹುದು. ಕೊನೆಯ ನುಡಿ ಮಾತ್ರ ಬೇರೆ. ಅದು ಇವರಿಬ್ಬರೇ ಕೌದಿ ಹೊಲಿಯುತ್ತ ಕಟ್ಟಿದ್ದು. ಅದರಲ್ಲಿ ಕೊಡುವ ಸೊಲ್ಲು ಒಂದು, ಹಿಡಿಯುವ ಸೊಲ್ಲು ಇನ್ನೊಂದು. ನೀಲವ್ವ, “ಸೂಜೀಯ ಮೊನಿಯಾಗಿ ಚುಚ್ಚಬ್ಯಾಡ ಮಗಳವ್ವ” ಎಂದು ಕೊಡಬೇಕು. ಶಾಂತವ್ವ, “ದಾರಾಗಿ ಹೊಲಿಯವ್ವ ಎರಡೂ ಮನಿಯ” ಎಂದು ಹಿಡಿಯಬೇಕು. ಆ ನುಡಿಯನ್ನು ನೀಲವ್ವ ಒಂದೇ ಉಸಿರಿಗೆ ಹಾಡಿದರು. ಅಷ್ಟು ದಿನ ಕೆಮ್ಮಿದ ಗಂಟಲು ಅದೊಂದು ಸಲ ಮಾತು ಕೇಳಿತು. ಶಾಂತವ್ವ ಎತ್ತಿಕೊಂಡು ಮುಗಿಸಿದರು. ನೀಲವ್ವ ಕೌದಿಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ಆತು ಎಂಬಂತೆ ನನ್ನ ಕಡೆ ನೋಡಿದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಹಾಡು ಅದು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಒಮ್ಮೆ ಸ್ಟುಡಿಯೋಗೆ ಬಂದರು. ಅವರ ದನಿಯನ್ನಷ್ಟೇ ಸ್ಪೀಕರಿನಲ್ಲಿ ಹಾಕಿದೆ, ಪಕ್ಕದಲ್ಲಿ ನಿಂತು ಶಾಂತವ್ವ ಎತ್ತಿಕೊಂಡರು. ನೀಲವ್ವ ತನ್ನ ದನಿಯನ್ನು ತಾನೇ ಕೇಳುತ್ತ ಶಾಂತವ್ವನ ಭುಜ ಹಿಡಿದು ನಿಂತಿದ್ದರು. ಶಾಂತವ್ವ ನನಗೆ ಧೈರ್ಯ ಹೇಳಿದರು: “ಲಗ್ನದಾಗ ಹಿಂಗ ಹಾಡತೇವ್ರಿ. ಅಕ್ಕ ಸುಮ್ನ ಕುಂತ್ರೂ ನಡೀತೈತಿ.”

ಮದುವೆಗೆ ಒಂದೆರಡು ತಿಂಗಳು ಇರುವಾಗ ಶಾರದಾ ಫೋನು ಮಾಡಿದಳು. ನೀಲವ್ವನಿಗೇ ಏನೋ ಆಯಿತೆಂದುಕೊಂಡೆ. “ಕಾಕಾ, ಸಣ್ಣವ್ವ ಹೋದ್ಲರಿ,” ಎಂದಳು. ಸಣ್ಣವ್ವ ಅಂದರೆ ಚಿಕ್ಕಮ್ಮ, ಶಾಂತವ್ವ. ಬೆಳಗ್ಗೆ ಕಸ ಹೊಡೆಯುತ್ತಿದ್ದಾಕೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲವಂತೆ. ಎಲ್ಲರೂ ನೀಲವ್ವನ ಜೀವಕ್ಕೆ ಹೆದರಿ ಕೂತಿದ್ದರು. ಗಟ್ಟಿಯಾಗಿದ್ದಾಕೆಯ ಮೇಲೆ ಯಾರ ಕಣ್ಣೂ ಇರಲಿಲ್ಲ.

ನಾನು ತಾರಿಹಾಳಕ್ಕೆ ಹೋದೆ. ನಮ್ಮ ಕಡೆ ಸತ್ತವರ ಮುಂದೆ ಹೆಣ್ಣುಮಕ್ಕಳು ಅವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ಸುತ್ತಲೂ ಕೂತವರು ಹಾಡಿಕೊಂಡು ಅಳುತ್ತಿದ್ದರು. ಶಾಂತವ್ವನ ತಲೆಯ ಕಡೆ ಕೂತಿದ್ದ ನೀಲವ್ವ ಬಾಯಿ ತೆರೆದು ಎದೆ ಬಡಿದುಕೊಳ್ಳುತ್ತಿದ್ದರು. ಕೊರಳ ಬಟ್ಟೆಯ ಹಿಂದಿನಿಂದ ಗಾಳಿ ಮಾತ್ರ ಬರುತ್ತಿತ್ತು. ಊರಿನ ಎಷ್ಟೋ ಸಾವಿಗೆ ಹಾಡಿ ಅತ್ತವರು, ತನ್ನವಳಿಗಾಗಿ ಒಂದು ಸೊಲ್ಲು ಅಳಲಾರದೆ ಹೋದರು. ಅಳುವುದಕ್ಕೂ ದನಿ ಬೇಕೆಂದು ನನಗೆ ಆವತ್ತು ಗೊತ್ತಾಯಿತು. ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತುಕೊಂಡು ನಾನೂ ಅತ್ತೆ.

ಗಂಡಿನ ಕಡೆಯವರ ಅನುಕೂಲ ನೋಡಿ ಮದುವೆಯನ್ನು ಮುಂದೂಡಲಿಲ್ಲ. ಶಾರದಾ ಬಂದು ಈಗೇನು ಮಾಡುವುದೆಂದು ಕೇಳಿದಳು. ಗೈಡ್ ಪಟ್ಟಿ ಅಳಿಸದೆ ಇಟ್ಟಿದ್ದೇನೆ, ನಿಮ್ಮ ಸಣ್ಣವ್ವನ ದನಿ ನನ್ನಲ್ಲಿದೆ ಎಂದೆ. ಆಕೆಯ ಮುಖ ಅರಳಿತು, ಮರುಗಳಿಗೆ ಬಾಡಿತು. ಮನೆಯಲ್ಲಿ ಅತ್ತೆಯನ್ನು ಕೇಳಬೇಕು ಎಂದಳು. ಅತ್ತೆ ಕೆಟ್ಟವರೇನಲ್ಲ, ರೂಢಿಗೆ ಹೆದರುವವರು. ನಾನೇ ಹೋಗಿ ಕೇಳಿದಾಗ ಚಹಾ ಕೊಟ್ಟು, ಸಮಾಧಾನದಿಂದಲೇ ಹೇಳಿದರು: “ಬೀಗತಿ ದನಿ ಕೇಳಸ್ರಿ ಸಾಹೇಬ್ರ, ಆಕಿ ಬದುಕ್ಯಾಳ. ಸತ್ತವ್ರ ದನಿ ಅರಿಷಿಣದಾಗ ಬ್ಯಾಡ. ಹುಡುಗಿ ಹೊಸಾ ಮನಿಗೆ ಹೋಗೂಕಿ.” ಮದುವೆ ಮನೆಯಲ್ಲಿ ಸೌಂಡಿನವನಿಗೆ ವಾದ ಹೂಡುವ ಅಧಿಕಾರ ಇರುವುದಿಲ್ಲ. ಹಾಗಾದರೆ ಕೊನೆಯ ನುಡಿ ಬಿಟ್ಟುಬಿಡಲೇ ಎಂದೆ. ಶಾಂತವ್ವ ಹೋದ ಮೇಲೆ ಮಗಳ ಮನೆಗೆ ಬಂದಿದ್ದು, ಮೂಲೆಯಲ್ಲಿ ಕೂತಿದ್ದ ನೀಲವ್ವ ಬೇಡವೆಂದು ಜೋರಾಗಿ ತಲೆಯಾಡಿಸಿದರು. ಆಗ ಶಾರದಾ, “ಆ ಸೊಲ್ಲು ನಾ ಎತ್ತಿಕೋತೇನಿ ಕಾಕಾ. ಕಲತ ಇಟಗೋತೇನಿ,” ಎಂದಳು. ಕಲಿತಳು ಕೂಡ. ಸ್ಟುಡಿಯೋಗೆ ಬಂದು ಸಣ್ಣವ್ವನ ದನಿ ಕೇಳಿ ಕೇಳಿ ಬಾಯಿಪಾಠ ಮಾಡಿದಳು.

ಅರಿಷಿಣದ ದಿನ ಬೆಳಗ್ಗೆ ನಾನೇ ಸ್ಪೀಕರು, ಲ್ಯಾಪ್‌ಟಾಪು ಹೊತ್ತುಕೊಂಡು ಹೋದೆ. ಮಿಕ್ಸ್ ಮಾಡಿದ ಹಾಡನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಹೆಂಗಸರು ಎಲ್ಲಾದರೂ ತಡವಾದರೆ ಹಾಡನ್ನು ತಡೆದು ಹಿಡಿಯಲು ಒಂದು ಕೈ ಬೇಕಲ್ಲ. ಅದಕ್ಕಾಗಿ ಎಲ್ಲ ಪಟ್ಟಿಗಳನ್ನೂ ತೆರೆದಿಟ್ಟುಕೊಂಡು ಕೂತೆ. ಗೈಡ್ ಪಟ್ಟಿಯ ಬಾಯಿ ಮುಚ್ಚಿತ್ತು. ಅಂಗಳದ ಚಪ್ಪರದಲ್ಲಿ ರೇಣುಕಾ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ನೀಲವ್ವ, ಅವರ ಬಲಕ್ಕೆ ಶಾರದಾ, ಸುತ್ತ ಓಣಿಯ ಹೆಣ್ಣುಮಕ್ಕಳು.

ಸ್ಪೀಕರಿನಿಂದ ನೀಲವ್ವನ ಹರಿದ ದನಿ ಬಂತು. ರೇಣುಕಾ, “ಅಜ್ಜೀ,” ಎಂದು ನೀಲವ್ವನ ಕಡೆ ತಿರುಗಿದಳು. ಗುರುತು ಹತ್ತಿತ್ತು. ಮೊದಲ ನುಡಿಯನ್ನು ಹೆಂಗಸರು ತುಸು ಅಂಜುತ್ತ ಎತ್ತಿಕೊಂಡರು. ಎರಡನೆಯದಕ್ಕೆ ಗಟ್ಟಿಯಾದರು. ಆಮೇಲೆ ನನ್ನ ಕೈಗೆ ಕೆಲಸವೇ ಇರಲಿಲ್ಲ. ನೀಲವ್ವನ ದನಿ ಕೊಡುತ್ತಿತ್ತು, ಅಂಗಳ ಹಿಡಿಯುತ್ತಿತ್ತು. ನೀಲವ್ವ ಕಣ್ಣು ಮುಚ್ಚಿ ಕೂತಿದ್ದರು. ಒಬ್ಬೊಬ್ಬರೇ ಬಂದು ಹುಡುಗಿಯ ಗಲ್ಲಕ್ಕೆ ಅರಿಷಿಣ ಹಚ್ಚಿ ಹೋಗುತ್ತಿದ್ದರು.

ಕೊನೆಯ ನುಡಿ ಬಂತು. “ಸೂಜೀಯ ಮೊನಿಯಾಗಿ...” ಎಂದು ಶುರುವಾದೊಡನೆ ನಾನು ಶಾರದಾಳ ಮುಖ ನೋಡಿದೆ. ಆಕೆ ಬಾಯಿ ತೆರೆದು ಸಿದ್ಧವಾಗಿದ್ದಳು. “ಚುಚ್ಚಬ್ಯಾಡ” ಎನ್ನುವಷ್ಟರಲ್ಲಿ ಆಕೆಯ ಕೈ ಸೆರಗು ಹುಡುಕಿತು. “ಮಗಳವ್ವ” ಎಂಬುದು ಕಿವಿಗೆ ಬಿದ್ದದ್ದೇ ಅದನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಹೆತ್ತವಳ ದನಿ ಅದು, ಮಗಳು ಅಳದೆ ಹೇಗಿದ್ದಾಳು? ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಸೊಲ್ಲು ಯಾರಿಗೂ ಗೊತ್ತಿರಲಿಲ್ಲ. ದನಿ ಇಳಿಯುತ್ತ ಬರುತ್ತಿತ್ತು. ನೀಲವ್ವ ಕಣ್ಣು ತೆರೆದು ನೇರವಾಗಿ ನನ್ನನ್ನು ನೋಡಿದರು. ಹೆಬ್ಬೆರಳು ತೋರುಬೆರಳು ಕೂಡಿಸಿದ ಅವರ ಬಲಗೈ, ಇಲ್ಲದ ಸೂಜಿಯನ್ನು ಹಿಡಿದು ಮೇಲಕ್ಕೆದ್ದಿತು.

ನಾನು ಮ್ಯೂಟ್ ತೆಗೆದೆ.

“ದಾರಾಗಿ ಹೊಲಿಯವ್ವ ಎರಡೂ ಮನಿಯ.” ನೀಲವ್ವನ ದನಿ ಪೂರ್ತಿ ಇಳಿಯುವ ಮೊದಲೇ ಶಾಂತವ್ವ ಎತ್ತಿಕೊಂಡಿದ್ದರು. ಸಾಧಾರಣ ಮೈಕಿನಲ್ಲಿ ಹಿಡಿದ ದನಿ. ಹಿಂದೆ ನನ್ನ ಕುರ್ಚಿ ಕಿರುಗುಟ್ಟಿದ್ದೂ ಕೇಳಿಸುತ್ತಿತ್ತು. ಶಾರದಾಳ ಅತ್ತೆ ಆಗ ಹುಡುಗಿಯ ಮುಂದೆ ಬಗ್ಗಿ ನಿಂತಿದ್ದರು. ಬೈಸಿಕೊಳ್ಳಲು ನಾನು ತಯಾರಾಗಿ ಕೂತೆ. ಅವರು ಸ್ಪೀಕರಿನ ಕಡೆ ಒಮ್ಮೆ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಅರಿಷಿಣದ ಕೈಯನ್ನು ಹುಡುಗಿಯ ಗಲ್ಲಕ್ಕೆ ಹಚ್ಚಿದರು.  ಹಾಡು ಮುಗಿದಾಗ ನೀಲವ್ವ ಖಾಲಿ ಕೈಯನ್ನು ಬಾಯಿಯ ಹತ್ತಿರ ತಂದು, ಅಲ್ಲಿಲ್ಲದ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದರು. ಆಮೇಲೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂಬಂತೆ ಎಡಕ್ಕೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

ನೀಲವ್ವ ಆ ಬೇಸಿಗೆ ದಾಟಲಿಲ್ಲ. ಸ್ಟುಡಿಯೋ ಮುಚ್ಚಿದಾಗ ಯಂತ್ರಗಳನ್ನು ಯಾರು ಯಾರೋ ಒಯ್ದರು, ನೀಲವ್ವ ಅಂಚು ಹೊಲಿದುಕೊಟ್ಟ ಕೌದಿಯನ್ನು ಮಾತ್ರ ನಾನು ತಂದುಕೊಂಡೆ. ಹೊಸಬರಿಗೆ ಇಷ್ಟನ್ನು ಹೇಳಬೇಕೆಂದು ಇದನ್ನೆಲ್ಲ ಬರೆದೆ: ಕತ್ತರಿಸಿರಿ, ಜೋಡಿಸಿರಿ, ಬೇಕಾದರೆ ಬಾಯಿ ಮುಚ್ಚಿಸಿರಿ, ಆದರೆ ಹಾಡು ಅದರ ಮನೆ ಮುಟ್ಟುವ ತನಕ ಯಾರ ದನಿಯನ್ನೂ ಅಳಿಸಬೇಡಿರಿ. ಅರಿಷಿಣದ ದಿನ ಸ್ಟುಡಿಯೋಗೆ ವಾಪಸು ಬಂದವನು ಆ ಹಾಡನ್ನು ಮತ್ತೊಮ್ಮೆ ತೆರೆದೆ. ಕೇಳುವ ಧೈರ್ಯವಾಗಲಿಲ್ಲ. ಎರಡನೆಯ ಪಟ್ಟಿಯ ಮೇಲೆ ‘ಗೈಡ್’ ಎಂದಿದ್ದದ್ದನ್ನು ಅಳಿಸಿ, ‘ಶಾಂತವ್ವ’ ಎಂದು ಬರೆದು ಸೇವ್ ಮಾಡಿದೆ.